‘ಇತರೆ ಖರ್ಚು’ ಎಂಬ ಹಳೆಯ ಬಾಬ್ತು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಆ ಗಾದೆಗೆ ‘ದುರಸ್ತಿ ಮಾಡಿಸಿ ನೋಡು’ ಎಂಬುದನ್ನೂ ಸೇರಿಸಬೇಕೆಂದು ನನಗೆ ಇತ್ತೀಚೆಗೆ ಅನ್ನಿಸಿತು. ಅದಕ್ಕೆ ಕಾರಣ, ಜರ್ಮನಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ.

ಅವನು ಕೊಂಡಿರುವ ಮನೆಯಲ್ಲಿ ನೆಲದಡಿ ಹುದುಗಿಸಿದ ಕೊಳವೆಗಳಲ್ಲಿ ಬಿಸಿನೀರು ಹರಿದು ಕೋಣೆಗಳನ್ನು ಬೆಚ್ಚಗಿಡುತ್ತದೆ. ಈಗ ಎರಡು ಕೋಣೆಗಳ ನೆಲ ತಣ್ಣಗಾಗಿಬಿಟ್ಟಿದೆ. ಅವುಗಳಲ್ಲೊಂದು, ಊರಿನಿಂದ ಮಗನ ಮನೆಗೆ ಹೋಗಿರುವ ಅವನ ತಾಯಿಯ ಕೋಣೆ. ದುರಸ್ತಿಗೆ ಎರಡು ಕಂಪನಿಗಳು ಅಂದಾಜು ಪಟ್ಟಿ ಕೊಟ್ಟಿದ್ದವು. ನೆಲ ಒಡೆದು ಕೊಳವೆಗಳನ್ನೆಲ್ಲ ಬದಲಿಸಬೇಕೆಂದು ಒಂದು ಕಂಪನಿ ಹೇಳಿತು. ಒಳಗಿನ ಕೆಸರು ತೊಳೆದರೆ ಸಾಕೆಂದು ಇನ್ನೊಂದು ಹೇಳಿತು. ಎರಡನೆಯದರ ಮೊತ್ತ ಮೊದಲನೆಯದರ ಐದರಲ್ಲೊಂದು ಪಾಲು. ಆದರೆ ಕೊನೆಯ ಸಾಲಿನಲ್ಲಿ ‘ಅಗತ್ಯಕ್ಕೆ ತಕ್ಕಂತೆ ಇತರೆ ಖರ್ಚು’ ಎಂದಿತ್ತು. “ಮೇಷ್ಟ್ರೇ, ಯಾರನ್ನು ನಂಬಲಿ? ಮೊದಲನೆಯದಕ್ಕೆ ಒಪ್ಪಿದರೆ ಎರಡು ವರ್ಷದ ಉಳಿತಾಯವೆಲ್ಲ ಹೋಗುತ್ತದೆ. ಎರಡನೆಯದಕ್ಕೆ ಒಪ್ಪಿ ಅದು ತಪ್ಪಾದರೆ ಅಮ್ಮ ಚಳಿಯಲ್ಲಿ ಇರಬೇಕಾಗುತ್ತದೆ” ಎಂದು ಕೇಳಿದ್ದ.

ಕೊಳವೆಯ ವಿದ್ಯೆ ನನಗೆ ತಿಳಿಯದು. ಆದರೆ ರೋಮನ್ನರ ಪಾಠ ಮಾಡುವಾಗ, ಪಠ್ಯಪುಸ್ತಕದಲ್ಲಿಲ್ಲವೆಂದು ನಾನು ಹೇಳದೆ ಬಿಟ್ಟಿದ್ದ ಕೆಲವು ಸಂಗತಿಗಳು ನೆನಪಾದವು. ಅವನ್ನು ಅವನಿಗೆ ಬರೆದೆ. ಇಲ್ಲಿ ನಿಮಗೂ ಬರೆಯುತ್ತಿದ್ದೇನೆ.

ನೆಲವನ್ನು ಅಡಿಯಿಂದ ಕಾಯಿಸುವ ವಿದ್ಯೆ ರೋಮನ್ನರಿಗೆ ಚೆನ್ನಾಗಿ ಗೊತ್ತಿತ್ತು. ಕ್ರಿ.ಪೂ. ಒಂದನೆಯ ಶತಮಾನದ ವಿಟ್ರೂವಿಯಸ್, ವಾಸ್ತುಶಿಲ್ಪವನ್ನು ಕುರಿತ ತನ್ನ ಹತ್ತು ಪುಸ್ತಕಗಳ ಪೈಕಿ ಐದನೆಯದರಲ್ಲಿ ಅದನ್ನು ವಿವರಿಸಿದ್ದಾನೆ. ಎಂಟಂಗುಲದ ಇಟ್ಟಿಗೆಗಳಿಂದ ಎರಡಡಿ ಎತ್ತರದ ಗಿಡ್ಡ ಕಂಬಗಳನ್ನು ನಿಲ್ಲಿಸಬೇಕು. ಗಾರೆಯ ಬದಲು ಕೂದಲು ಬೆರೆಸಿ ಕಲಸಿದ ಜೇಡಿಮಣ್ಣನ್ನು ಬಳಸಬೇಕು. ಕಂಬಗಳ ಮೇಲೆ ಎರಡಡಿಯ ಹಂಚುಗಳನ್ನು ಹಾಸಿ, ಅದರ ಮೇಲೆ ನೆಲ ಮಾಡಬೇಕು. ಪಕ್ಕದ ಒಲೆಯ ಬಿಸಿ ಈ ಕಂಬಗಳ ನಡುವೆ ಹರಿಯುತ್ತದೆ. ಕಂಬಗಳ ಬುಡದ ತಳ ಒಲೆಯ ಕಡೆಗೆ ಇಳಿಜಾರಾಗಿರಬೇಕು. ಎಷ್ಟೆಂದರೆ, ಒಳಗೆ ಎಸೆದ ಚೆಂಡು ಅಲ್ಲಿ ನಿಲ್ಲದೆ ತಾನಾಗಿ ಒಲೆಯ ಬಾಯಿಗೆ ಉರುಳಿ ಬರಬೇಕು. ಇಳಿಜಾರನ್ನು ವಿವರಿಸಲು ಅವನು ಹೇಳಿದ ಈ ಮಾತಿನಲ್ಲಿ ಒಂದು ಪರೀಕ್ಷೆಯೂ ಅಡಗಿದೆ. ಚೆಂಡು ಹಿಂದಿರುಗಿತೇ ಇಲ್ಲವೇ ಎಂಬುದನ್ನು ನೋಡಲು ವಿದ್ಯೆಯೇನೂ ಬೇಕಿಲ್ಲ, ಮನೆಯೊಡೆಯನೇ ನೋಡಬಹುದು.

ಅದೇ ವಿಟ್ರೂವಿಯಸ್ ಹತ್ತನೆಯ ಪುಸ್ತಕದ ಪೀಠಿಕೆಯಲ್ಲಿ ಎಫೆಸಸ್ ನಗರದ ಒಂದು ಹಳೆಯ ಕಾನೂನನ್ನು ನೆನೆಯುತ್ತಾನೆ. ಸಾರ್ವಜನಿಕ ಕಟ್ಟಡದ ಹೊಣೆ ಹೊತ್ತ ಶಿಲ್ಪಿ ಮೊದಲೇ ಖರ್ಚಿನ ಅಂದಾಜು ಹೇಳಬೇಕಿತ್ತು. ಕೆಲಸ ಮುಗಿಯುವವರೆಗೆ ಅವನ ಆಸ್ತಿ ಅಧಿಕಾರಿಯ ವಶದಲ್ಲಿ ಒತ್ತೆಯಾಗಿರುತ್ತಿತ್ತು. ಖರ್ಚು ಅಂದಾಜಿಗೆ ಸರಿಹೊಂದಿದರೆ ಅವನಿಗೆ ಗೌರವ ಸನ್ಮಾನ. ಕಾಲು ಭಾಗದವರೆಗೆ ಹೆಚ್ಚಾದರೆ ಬೊಕ್ಕಸ ತುಂಬಿಕೊಡುತ್ತಿತ್ತು. ಅದನ್ನೂ ಮೀರಿದರೆ ಹಣ ಅವನ ಆಸ್ತಿಯಿಂದಲೇ ವಸೂಲಾಗುತ್ತಿತ್ತು. ರೋಮ್‌ನಲ್ಲೂ, ಸಾರ್ವಜನಿಕ ಕಟ್ಟಡಗಳಿಗಷ್ಟೇ ಅಲ್ಲದೆ ಖಾಸಗಿ ಮನೆಗಳಿಗೂ, ಇಂಥ ಕಾನೂನು ಇರಬಾರದಿತ್ತೇ ಎಂದು ಅವನು ಹಂಬಲಿಸುತ್ತಾನೆ. ನಾನೂರು ಹೊಂದಿಸಬಲ್ಲವನು ಇನ್ನೂ ನೂರು ಸೇರಿಸಬೇಕಾದರೆ ಹೇಗೋ ತಾಳಿಕೊಂಡಾನು. ಅರ್ಧಕ್ಕಿಂತ ಹೆಚ್ಚು ಏರಿದರೆ ಮನಸ್ಸು ಮುರಿದು ಕೆಲಸವನ್ನೇ ಕೈಬಿಡುತ್ತಾನೆ ಎಂಬುದು ಅವನ ವಾದ. ಎರಡು ಸಾವಿರ ವರ್ಷಗಳ ಹಿಂದಿನ ಈ ಮಾತನ್ನು ಓದಿದಾಗ, ಅರ್ಧಕ್ಕೆ ನಿಂತ ಎಷ್ಟು ಮನೆಗಳು ನನ್ನ ಕಣ್ಣ ಮುಂದೆ ಬಂದವು!

ಸುಮಾರು ಕ್ರಿ.ಶ. 110ರ ಹೊತ್ತಿಗೆ, ಇಂದಿನ ಟರ್ಕಿಯ ಉತ್ತರ ಭಾಗದ ಬಿಥಿನಿಯಾ ಪ್ರಾಂತ್ಯಕ್ಕೆ ಪ್ಲಿನಿ ರಾಜ್ಯಪಾಲನಾಗಿ ಹೋದ. ನೈಸಿಯಾ ನಗರದಲ್ಲಿ ಕಟ್ಟುತ್ತಿದ್ದ ವ್ಯಾಯಾಮಶಾಲೆಯನ್ನು ನೋಡಿದ ಒಬ್ಬ ಶಿಲ್ಪಿ, ಗೋಡೆಗಳು 22 ಅಡಿ ದಪ್ಪವಿದ್ದರೂ ಭಾರ ತಡೆಯಲಾರವು ಎಂದ. ಪ್ಲಿನಿ ಇದನ್ನು ಚಕ್ರವರ್ತಿ ಟ್ರಾಜನ್‌ಗೆ ತಿಳಿಸುವಾಗ, ಹೀಗೆಂದವನು ಕೆಲಸ ಆರಂಭಿಸಿದ ಶಿಲ್ಪಿಯ ಪ್ರತಿಸ್ಪರ್ಧಿ ಎಂಬುದನ್ನೂ ಮರೆಯದೆ ಬರೆದ. ಪ್ರತಿಸ್ಪರ್ಧಿ ಹೇಳಿದ್ದು ಸುಳ್ಳೆಂದು ಅವನು ತಳ್ಳಿಹಾಕಲಿಲ್ಲ. ನಿಜವೆಂದು ಒಪ್ಪಲೂ ಇಲ್ಲ. ಕ್ಲಾಡಿಯೊಪೊಲಿಸ್‌ನಲ್ಲಿ ಬೆಟ್ಟದ ಬುಡದಲ್ಲಿ ಏಳುತ್ತಿದ್ದ ದೊಡ್ಡ ಸ್ನಾನಗೃಹದ ಬಗ್ಗೆಯೂ ಅವನಿಗೆ ಸಂಶಯವಿತ್ತು. ಪರೀಕ್ಷಿಸಲು ಒಬ್ಬ ಶಿಲ್ಪಿಯನ್ನು ಕಳುಹಿಸಬೇಕೆಂದು ಬೇಡಿಕೊಂಡ. ಶಿಲ್ಪಿಗಳಿಲ್ಲದ ಪ್ರಾಂತ್ಯವೇ ಇಲ್ಲ, ಸ್ಥಳದಲ್ಲಿರುವ ನೀನೇ ವಿಚಾರಿಸಿ ನಿರ್ಧರಿಸು ಎಂಬ ಅರ್ಥದ ಉತ್ತರ ಬಂತು.

ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು, ಎರಡನೆಯ ಶತಮಾನದ ಆಲಸ್ ಗೆಲಿಯಸ್ ‘ಅಟ್ಟಿಕ್ ರಾತ್ರಿಗಳು’ ಎಂಬ ಗ್ರಂಥದಲ್ಲಿ ದಾಖಲಿಸಿರುವ ಪ್ರಸಂಗ. ಮಾರ್ಕಸ್ ಆರೇಲಿಯಸ್‌ನ ಗುರುವಾಗಿದ್ದ ಫ್ರಾಂಟೊ ಕಾಲುನೋವಿನಿಂದ ಮಲಗಿದ್ದಾನೆ. ಸುತ್ತಲೂ ವಿದ್ವಾಂಸರು, ಶ್ರೀಮಂತರು. ಹೊಸ ಸ್ನಾನಗೃಹ ಕಟ್ಟಲು ಬಂದ ಕೆಲಸಗಾರರು ಚರ್ಮದ ಹಾಳೆಗಳಲ್ಲಿ ಬಗೆಬಗೆಯ ನಕ್ಷೆ ತೋರಿಸುತ್ತಿದ್ದಾರೆ. ಫ್ರಾಂಟೊ ಒಂದನ್ನು ಆರಿಸಿ, ಒಟ್ಟು ಎಷ್ಟಾದೀತು ಎಂದು ಕೇಳಿದ. ಸುಮಾರು ಮೂರು ಲಕ್ಷ ಸೆಸ್ಟರ್ಸ್ ಎಂದ ಶಿಲ್ಪಿ. ಜೊತೆಗಿದ್ದ ಗೆಳೆಯನೊಬ್ಬ, ಅದರ ಮೇಲೆ ಹೆಚ್ಚುಕಡಿಮೆ ಇನ್ನೊಂದು ಐವತ್ತು ಸಾವಿರ ಎಂದು ಸೇರಿಸಿದ. ಆ ‘ಹೆಚ್ಚುಕಡಿಮೆ’ಗೆ ಅವನು ಬಳಸಿದ ‘ಪ್ರೈಟರ್‌ಪ್ರಾಪ್ಟರ್’ ಎಂಬ ಪದ ಫ್ರಾಂಟೊನ ಗಮನ ಸೆಳೆಯಿತು. ಅದು ಕೆಲಸಗಾರರ ಬಾಯಿಮಾತೋ, ಹಿಂದಿನ ಕವಿಗಳು ಬಳಸಿದ ಪದವೋ ಎಂದು ಚರ್ಚೆ ಹೊರಟಿತು. ಗೆಲಿಯಸ್ ಬರೆದದ್ದೂ ಆ ಪದದ ಚರ್ಚೆಯನ್ನೇ. ಐವತ್ತು ಸಾವಿರ ಯಾವುದಕ್ಕೆ ಎಂಬುದು ಅವನ ಬರಹದಲ್ಲಿಲ್ಲ.

ಭಾಷೆಯ ಮೇಷ್ಟ್ರುಗಳ ಈ ದೌರ್ಬಲ್ಯ ನನಗೆ ಗೊತ್ತು. ಹಿಂದೊಮ್ಮೆ ನಮ್ಮ ಮನೆಯ ತಾರಸಿ ಸೋರಿದಾಗ, ಮೇಸ್ತ್ರಿ ತಂದ ಪಟ್ಟಿಯಲ್ಲಿ ‘ಸಿಮೆಂಟು’ ಎಂಬಲ್ಲಿದ್ದ ಕಾಗುಣಿತದ ತಪ್ಪನ್ನು ತಿದ್ದಿದ ನಾನು, ಕೊನೆಯ ‘ಇತರೆ’ ಏನೆಂದು ಕೇಳದೆ ಸಹಿ ಹಾಕಿದ್ದೆ. ಆ ‘ಇತರೆ’ಯೇ ಪಟ್ಟಿಯ ಅರ್ಧದಷ್ಟು ಬೆಳೆಯಿತು. ಮನೆಯಾಕೆ ಅದಕ್ಕಾಗಿ ತನ್ನ ಚೀಟಿಯ ಹಣವನ್ನು ಎತ್ತಿದಳು. ಆಕೆ ಏನೂ ಅನ್ನಲಿಲ್ಲ. ಅದೇ ಹೆಚ್ಚು ನೋವಾಯಿತು.

ಆದ್ದರಿಂದ ಶಿಷ್ಯನಿಗೆ ಹೀಗೆ ಬರೆದೆ: “ಮೊತ್ತಗಳನ್ನು ಹೋಲಿಸಿ ಆರಿಸಬೇಡ. ನಾಲ್ಕು ಪ್ರಶ್ನೆ ಕೇಳು. ರೋಗ ಇದೇ ಎಂದು ತೋರಿಸುವ ಚೆಂಡು ಯಾವುದು? ಹೆಚ್ಚಾದರೆ ತುಂಬುವವರು ಯಾರು? ಹೀಗೆ ಹೇಳುವವನಿಗೆ ಇದರಿಂದ ಲಾಭವೇನು? ‘ಇತರೆ’ ಎಂದರೆ ಏನೇನು?”

ಅವನು ಎರಡೂ ಕಂಪನಿಗಳನ್ನು ಬಿಟ್ಟು, ದುರಸ್ತಿಯ ಗುತ್ತಿಗೆ ಹಿಡಿಯದ ಮೂರನೆಯವನೊಬ್ಬನಿಗೆ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಿದ. ಪ್ರತಿ ಕೋಣೆಯ ಕೊಳವೆಯನ್ನೂ ಬೇರೆಬೇರೆಯಾಗಿ ಮುಚ್ಚಿ ಒತ್ತಡ ಕೊಟ್ಟು ನೋಡಿದರು. ಒತ್ತಡ ಇಳಿಯಲಿಲ್ಲ, ಎಂದರೆ ಕೊಳವೆ ಎಲ್ಲೂ ಸೋರುತ್ತಿರಲಿಲ್ಲ. ಆ ಎರಡು ಕೋಣೆಗಳಿಗೆ ನೀರು ಬಿಡುವ ವಾಲ್ವ್‌ಗಳು ಸಿಕ್ಕಿಕೊಂಡಿದ್ದವು. ಒಳಗೆ ಕೆಸರೂ ಇತ್ತು. ಎರಡನೆಯ ಕಂಪನಿಯಿಂದಲೇ, ‘ಇತರೆ’ಯನ್ನು ಬಿಡಿಸಿ ಬರೆಸಿಕೊಂಡು, ಕೆಲಸ ಮಾಡಿಸಿದ. ಅಲ್ಲಿನ ನಾಗರಿಕ ಸಂಹಿತೆಯ 649ನೆಯ ವಿಧಿಯಂತೆ, ಖರ್ಚು ಅಂದಾಜನ್ನು ಗಣನೀಯವಾಗಿ ಮೀರುವಂತಿದ್ದರೆ ಗುತ್ತಿಗೆದಾರ ಕೂಡಲೇ ತಿಳಿಸಬೇಕಂತೆ. “ಎಫೆಸಸ್ ಕಾನೂನಿನಷ್ಟು ಬಿಗಿಯಲ್ಲ, ಆದರೂ ಇದೆ ಮೇಷ್ಟ್ರೇ” ಎಂದು ಬರೆದಿದ್ದ.

ಅವನ ತಾಯಿ ದೂರವಾಣಿಯಲ್ಲಿ ಮಾತನಾಡಿದರು. ಈಗ ನೆಲ ಬೆಚ್ಚಗಿದೆಯಂತೆ. ಬೆಳಿಗ್ಗೆ ಒಲೆಯ ಪಕ್ಕ ಕೂತಂತಾಗುತ್ತದೆಯಂತೆ. ಪಾಠ ಮಾಡಿದವನಿಗೆ ಇದಕ್ಕಿಂತ ಹೆಚ್ಚಿನ ಫಲಿತಾಂಶ ಬೇಕೆ?