ವೀಣೆಯ ಮೇಳವೂ ಅದರ ಪಾಲನೆಯೂ

ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯಲ್ಲಿ ಪದೇ ಪದೇ ಬರುವ ಒಂದು ಅಭಿಪ್ರಾಯವು ಪರಿಚಿತವಾಗಿಯೇ ಇರುವುದು. ತಾನು ಹೊಸದಾಗಿ ಕೊಡುವುದಕ್ಕಿಂತಲೂ ಹಿಂದಿನವರು ಕೊಟ್ಟುದನ್ನು ಕಾಪಾಡುವುದೇ ಹೆಚ್ಚಿನ ಪುಣ್ಯವೆಂಬುದೇ ಅದು. ಕೆರೆಗೂ ದೇಗುಲಕ್ಕೂ ಸಲ್ಲುವ ಈ ಮಾತು ಮನೆಯ ಮೂಲೆಯಲ್ಲಿರುವ ವೀಣೆಗೂ ಸಲ್ಲುವುದೆಂಬುದನ್ನು ಆ ವಾದ್ಯದ ಚರಿತ್ರೆಯಿಂದಲೇ ತಿಳಿಯಬಹುದಾಗಿದೆ.

ಇಂದು ನಾವು ಸರಸ್ವತೀವೀಣೆಯೆಂದು ಕರೆಯುವ ವಾದ್ಯವು ಒಮ್ಮೆಗೇ ಈ ರೂಪವನ್ನು ಪಡೆದುದಲ್ಲ. ಬಹು ಪ್ರಾಚೀನವಾದ ವೀಣೆಗಳಲ್ಲಿ ಮೆಟ್ಟಿಲುಗಳಿರಲಿಲ್ಲ. ಒಂದೊಂದು ಸ್ವರಕ್ಕೆ ಒಂದೊಂದು ತಂತಿಯನ್ನು ಕಟ್ಟುತ್ತಿದ್ದರು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಕಿನ್ನರೀವೀಣೆಯನ್ನು ವರ್ಣಿಸುವಾಗ, ಸಾರಿಕೆಗಳನ್ನು, ಎಂದರೆ ಮೆಟ್ಟಿಲುಗಳನ್ನು, ಸುಟ್ಟ ಬಟ್ಟೆಯ ಮಸಿಯನ್ನು ಬೆರಸಿದ ಮೇಣದಿಂದ ದಂಡಿಯ ಮೇಲೆ ನಿಲ್ಲಿಸಬೇಕೆಂದು ಹೇಳಿರುವನು. ಕಪ್ಪು ಬೆರಸಿದ ಮೇಣದ ಮೇಲೆ ಮೆಟ್ಟಿಲುಗಳನ್ನು ಕೂರಿಸುವ ಕ್ರಮವು ಇಂದಿಗೂ ನಿಂತಿಲ್ಲ. ಏಳು ಶತಮಾನಗಳಿಗೂ ಮೀರಿ ಒಂದು ಕುಶಲತೆಯು ಕೈಯಿಂದ ಕೈಗೆ ಬಂದಿರುವುದು ಸಾಮಾನ್ಯವಾದ ವಿಷಯವಲ್ಲ.

1550ರಲ್ಲಿ ವಿಜಯನಗರದ ಅಳಿಯ ರಾಮರಾಯನ ಕಾಲದಲ್ಲಿ ರಾಮಾಮಾತ್ಯನು ‘ಸ್ವರಮೇಳಕಲಾನಿಧಿ’ಯನ್ನು ರಚಿಸಿದನು. ಒಂದೊಂದು ರಾಗಕ್ಕೆ ತಕ್ಕಂತೆ ಮೆಟ್ಟಿಲುಗಳನ್ನು ಹೊಂದಿಸಿಕೊಳ್ಳಬೇಕಾದ ಏಕರಾಗಮೇಳವೀಣೆಯನ್ನೂ, ಎಲ್ಲ ರಾಗಗಳಿಗೂ ಒದಗುವಂತೆ ಮೆಟ್ಟಿಲುಗಳು ಸ್ಥಿರವಾಗಿರುವ ಸರ್ವರಾಗಮೇಳವೀಣೆಯನ್ನೂ ಅವನು ಬೇರೆ ಬೇರೆಯಾಗಿ ಹೇಳಿರುವನು. ಮುಂದಿನ ಶತಮಾನದಲ್ಲಿ ತಂಜಾವೂರಿನ ರಘುನಾಥನಾಯಕನ ಕಾಲಕ್ಕೆ ಇಪ್ಪತ್ತುನಾಲ್ಕು ಸ್ಥಿರವಾದ ಮೆಟ್ಟಿಲುಗಳ ಈಗಿನ ವೀಣೆಯು ನೆಲೆಗೊಂಡಿತೆಂದು ಸಂಪ್ರದಾಯವು ಹೇಳುತ್ತದೆ. ಸ್ಥಾಯಿಗೆ ಹನ್ನೆರಡರಂತೆ ಎರಡು ಸ್ಥಾಯಿಗಳಿಗೆ ಇಪ್ಪತ್ತುನಾಲ್ಕು. ಎಪ್ಪತ್ತೆರಡು ಮೇಳಗಳನ್ನು ಎಣಿಸಿ ತೋರಿಸಿದ ವೇಂಕಟಮಖಿಯು ತನ್ನ ‘ಚತುರ್ದಂಡೀಪ್ರಕಾಶಿಕೆ’ಯನ್ನು ವೀಣಾಪ್ರಕರಣದಿಂದಲೇ ಆರಂಭಿಸಿರುವನು. ಸ್ವರಗಳ ಲೆಕ್ಕವು ಕಣ್ಣಿಗೆ ಕಾಣುವಂತೆ ನಿಂತಿರುವುದು ವೀಣೆಯ ದಂಡಿಯ ಮೇಲೆಯೇ ಅಲ್ಲವೆ?

ಇಷ್ಟು ದೊಡ್ಡ ಶಾಸ್ತ್ರಕ್ಕೆ ಆಧಾರವಾದ ಮೆಟ್ಟಿಲುಗಳನ್ನು ಮರಕ್ಕೆ ಮೊಳೆ ಹೊಡೆದು ಬಿಗಿಯದೆ, ಬಿಸಿ ತಾಗಿದರೆ ಮೆದುವಾಗುವ ಮೇಣದಲ್ಲಿ ಕೂರಿಸಿದುದೇಕೆ? ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸ್ವರವು ಕೆಡುವುದು. ಕೆಟ್ಟುದನ್ನು ಮತ್ತೆ ಕಿವಿಯಿಂದಲೇ ತಿದ್ದಿಕೊಳ್ಳಬೇಕು. ತಿದ್ದುವುದಕ್ಕೆ ಮೇಣವು ಎಡೆಗೊಡುವುದು. ವೀಣೆಯು ಆಗಾಗ ದುರಸ್ತಿಯಾಗಬೇಕೆಂಬುದನ್ನು ಹಿರಿಯರು ಅದರ ಅಂಗರಚನೆಯಲ್ಲಿಯೇ ಅಡಗಿಸಿಟ್ಟಿದ್ದಾರೆಂದು ಇದರಿಂದ ತಿಳಿಯುತ್ತದೆ. ಒಮ್ಮೆ ಮಾಡಿಸಿ ಮರೆತುಬಿಡತಕ್ಕ ವಾದ್ಯವಲ್ಲ ಇದು.

ವೀಣೆಯು ಕೆಡುವ ಕ್ರಮವನ್ನು ವಿಚಾರಿಸೋಣ. ತುಕ್ಕು ಹಿಡಿದ ಉಕ್ಕಿನ ತಂತಿಯು ಗಮಕಕ್ಕಾಗಿ ಎಳೆದಾಗಲೆಲ್ಲ ಅರದಂತೆ ಮೆಟ್ಟಿಲನ್ನು ತೇಯುವುದು. ಮೆಟ್ಟಿಲಿನಲ್ಲಿ ಗೀರು ಬಿದ್ದಮೇಲೆ ನಾದವು ಒಡೆಯುವುದು. ಬೇಸಗೆಯ ತಾಪದಲ್ಲಿ ಮೇಣವು ಸಡಿಲಿ ಮೆಟ್ಟಿಲು ವಾಲುವುದು. ಕುದುರೆಯ ಮೇಲಣ ಕಂಚಿನ ತಗಡಿನಲ್ಲಿ ತಂತಿಯ ಜಾಡು ಆಳವಾದರೆ ಝೇಂಕಾರವು ಕುಗ್ಗುವುದು. ದಂಡಿಯೂ ಕೊಡವೂ ಸೇರುವೆಡೆಯಲ್ಲಿ ಮೂಡಿದ ಸಣ್ಣ ಬಿರುಕು, ಏಳು ತಂತಿಗಳ ಎಳೆತವನ್ನು ಹಗಲಿರುಳೂ ಹೊತ್ತು ಅಗಲವಾಗುತ್ತ ಹೋಗುವುದು. ಆದುದರಿಂದ ತಂತಿಯನ್ನು ಕಾಲಕ್ಕೆ ಬದಲಾಯಿಸಿದವನು ಮೆಟ್ಟಿಲುಗಳನ್ನು ಉಳಿಸಿದಂತೆ. ಬಿರುಕಿಗೆ ಕಾಲಕ್ಕೆ ಅಂಟು ಹಾಕಿಸಿದವನು ವೀಣೆಯನ್ನೇ ಉಳಿಸಿದಂತೆ.

ಮೇಳವು ಸರಿಯಾಗಿದೆಯೇ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ತಂತಿಗಳನ್ನು ಶ್ರುತಿಗೂಡಿಸಿ, ಪಂಚಮದ ತಂತಿಯನ್ನು ಐದನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಿದರೆ ಬರುವ ನಾದವು ಒತ್ತದೆ ಮೀಟಿದ ಸಾರಣಿಯ ಷಡ್ಜದೊಡನೆ ಒಂದಾಗಬೇಕು. ಸಾರಣಿಯ ಹನ್ನೆರಡನೆಯ ಮೆಟ್ಟಿಲಿನಲ್ಲಿ ಮೇಲಣ ಷಡ್ಜವು ನುಡಿಯಬೇಕು. ಇವು ಕೂಡದಿದ್ದರೆ ಮೇಳ ಕಟ್ಟುವವರನ್ನು ಕರೆಯಿಸುವ ಕಾಲವು ಬಂದಿತೆಂದೇ ತಿಳಿಯತಕ್ಕದ್ದು.

ಈ ವಿಷಯದಲ್ಲಿ ನಾನೇ ಅಪರಾಧಿಯಾಗಿರುವುದರಿಂದ ಅದನ್ನೂ ಹೇಳಿಬಿಡುವುದು ಯುಕ್ತ. ನಮ್ಮ ಅಕ್ಕನವರು ಬಿಟ್ಟುಹೋದ ವೀಣೆಯಲ್ಲಿ ನನ್ನ ಮಗಳು ಅಭ್ಯಾಸಮಾಡುತ್ತಿದ್ದಳು. ಮೇಳವು ಸರಿದಿದೆಯೆಂದು ಅವಳ ಗುರುಗಳು ಎರಡು ಸಾರಿ ಹೇಳಿಕಳುಹಿಸಿದರೂ, ಬೇಸಗೆ ಕಳೆಯಲಿ, ಹಬ್ಬ ಕಳೆಯಲಿ ಎಂದು ನಾನು ಎರಡು ವರ್ಷ ಕಳೆದೆನು. ಕೊನೆಗೆ ಮೇಳ ಕಟ್ಟಿಸಿದ ದಿನ ಮಗು ಶಂಕರಾಭರಣವನ್ನು ನುಡಿಸಿ, “ಅಪ್ಪಾ, ಗಾಂಧಾರ ತಪ್ಪಾಗಿದೆ” ಎಂದಳು. ತಪ್ಪಿದುದು ಗಾಂಧಾರವಲ್ಲ, ತಪ್ಪು ಗಾಂಧಾರಕ್ಕೆ ಒಗ್ಗಿದ್ದ ಅವಳ ಕಿವಿ. ಮೆಟ್ಟಿಲನ್ನು ತಿದ್ದುವುದಕ್ಕೆ ಒಂದು ದಿನ ಸಾಕಾಯಿತು. ಕಿವಿಯನ್ನು ತಿದ್ದುವುದಕ್ಕೆ ಒಂದು ವರ್ಷ ಹಿಡಿಯಿತು. ಮಕ್ಕಳಿಗೆ ಪಾಠ ಹೇಳಿ ಬದುಕಿದ ನನಗೆ ಇದಕ್ಕಿಂತ ನಾಚಿಕೆಯ ಪಾಠವು ಬೇರೆ ದೊರೆತಿಲ್ಲ.

ಇನ್ನೊಂದು ಪ್ರಯೋಜನವನ್ನು ಹೇಳಿ ಮುಗಿಸುವೆನು. ವೀಣೆ ಶೇಷಣ್ಣನವರು (1852–1926) ಬಾಳಿದ ಮೈಸೂರಿನಲ್ಲಿ ವೀಣೆಯಿದ್ದ ಮನೆಗಳಿಗೆ ಕೊರತೆಯಿರಲಿಲ್ಲ. ವೀಣೆಗಳಿದ್ದೆಡೆ ಅವನ್ನು ತಿದ್ದುವ ಕೈಗಳಿಗೂ ಕೆಲಸವಿತ್ತು. ತಂಜಾವೂರಿನ ವೀಣೆಗೆ 2013ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತುದು ಸಂತೋಷದ ಸಂಗತಿಯೇ ಸರಿ. ಆದರೆ ಕುಶಲಕರ್ಮಿಯನ್ನು ಉಳಿಸುವುದು ಮನ್ನಣೆಯೊಂದೇ ಅಲ್ಲ, ಅವನ ಬಾಗಿಲಿಗೆ ಬರುವ ಕೆಲಸ. ಹೊಸ ವೀಣೆಯನ್ನು ಕೊಳ್ಳುವುದು ಎಲ್ಲರಿಗೂ ಸಾಧ್ಯವಲ್ಲ. ಇರುವ ವೀಣೆಗೆ ಕಾಲಕ್ಕೆ ಮೇಳ ಕಟ್ಟಿಸುವುದು ಅನೇಕರಿಗೆ ಸಾಧ್ಯ. ಹಾಗೆ ಮಾಡಿದವನು ಒಂದು ವಾದ್ಯವನ್ನಲ್ಲದೆ ಒಂದು ವಿದ್ಯೆಯನ್ನೂ ಪಾಲಿಸಿದಂತಾಗುವುದು.

ನಮ್ಮ ಶರೀರವೇ ದೈವೀ ವೀಣೆಯೆಂದೂ, ಮರದ ವೀಣೆಯು ಅದರ ಅನುಕೃತಿಯೆಂದೂ ಐತರೇಯಾರಣ್ಯಕವು ಹೇಳುತ್ತದೆ. ಶರೀರಕ್ಕೆ ನೋವು ಬಂದೊಡನೆ ನಾವು ವೈದ್ಯನಿಗಾಗಿ ಓಡುವೆವು. ಅದರ ಅನುಕೃತಿಯು ನೋವನ್ನು ಅಪಸ್ವರದಿಂದಲೇ ತಿಳಿಸುವುದು. ವಾಚಕರು ತಮ್ಮ ಮನೆಯಲ್ಲಿ ಗವಸು ಹೊದೆದು ಮಲಗಿರುವ ವೀಣೆಯೊಂದಿದ್ದರೆ, ಅದನ್ನು ಒಮ್ಮೆ ಬಿಚ್ಚಿ ಮೀಟಿ ನೋಡುವರಾಗಲಿ.