ಬೇಟೆ ನಿಂತ ಮೇಲೆ: ಫಿನ್ ತಿಮಿಂಗಿಲ ಮತ್ತು ಸಿರುಗುಪ್ಪದ ಎರೆಬೂತ

ಕಡಲಿಲ್ಲದ ಬಳ್ಳಾರಿಯಲ್ಲಿ ಕೂತು ತಿಮಿಂಗಿಲದ ವಿಚಾರವೇಕೆ ಎಂದು ಯಾರಾದರೂ ಕೇಳಬಹುದು. ಕಾರಣ ಸಿರುಗುಪ್ಪದ ಹೊಲಗಳಲ್ಲಿದೆ. ಅಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಬೂತಕ್ಕೆ (ದೊರವಾಯನ ಹಕ್ಕಿ) 1972ರ ವನ್ಯಜೀವಿ ಕಾಯ್ದೆ ರಕ್ಷಣೆ ಕೊಟ್ಟಿತು. ದಕ್ಷಿಣ ಗೋಳಾರ್ಧದ ಫಿನ್ ತಿಮಿಂಗಿಲದ ಬೇಟೆಗೆ 1976ರ ಹೊತ್ತಿಗೆ ತಡೆ ಬಿತ್ತು. ಕಾನೂನು ಬಂದದ್ದು ಹೆಚ್ಚುಕಡಿಮೆ ಒಂದೇ ಕಾಲಕ್ಕೆ; ಫಲ ಮಾತ್ರ ತೀರ ಬೇರೆ.

ನೀಲಿ ತಿಮಿಂಗಿಲವನ್ನು ಬಿಟ್ಟರೆ ಫಿನ್ ತಿಮಿಂಗಿಲವೇ ಅತಿ ದೊಡ್ಡ ಪ್ರಾಣಿ. ಕೆಳದವಡೆಯ ಬಲಬದಿ ಬಿಳಿ, ಎಡಬದಿ ಕಪ್ಪು. ಅದರ ವೇಗ ಹಾಯಿಹಡಗುಗಳಿಗೆ ನಿಲುಕುತ್ತಿರಲಿಲ್ಲ. ಹಬೆಯ ದೋಣಿ, ಸಿಡಿಯುವ ಈಟಿ ಬಂದ ಮೇಲೆ ಕಥೆ ಬದಲಾಯಿತು: ದಕ್ಷಿಣ ಗೋಳಾರ್ಧವೊಂದರಲ್ಲೇ 20ನೇ ಶತಮಾನದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಸತ್ತವು. ಬೇಟೆ ನಿಂತಾಗ ಅದರ ಕಡಲು, ಅದರ ಆಹಾರವಾದ ಸಿಗಡಿಯಂಥ ಕ್ರಿಲ್ ಉಳಿದೇ ಇದ್ದವು. 2018ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಈ ತಿಮಿಂಗಿಲವನ್ನು ಅಪಾಯದ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಿತು. (ಐಸ್‌ಲ್ಯಾಂಡ್ ಆಮೇಲೂ ಬೇಟೆಯಾಡಿದೆ, ಜಪಾನ್ 2024ರಲ್ಲಿ ಮತ್ತೆ ಶುರುಮಾಡಿತು.)

ಆದರೆ ಬೇಟೆ ನಿಂತರೆ ಸಾಕು ಎನ್ನುವಂತಿಲ್ಲ. 1966ರಲ್ಲಿ ಸೋವಿಯತ್ ಹಡಗುಗಳು ನಮ್ಮ ಅರಬ್ಬೀ ಸಮುದ್ರದಲ್ಲೇ ಇನ್ನೂರಕ್ಕೂ ಹೆಚ್ಚು ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ಕೊಂದವು. ಒಮಾನ್ ತೀರದಲ್ಲಿ ಇಂದು ಅವುಗಳ ಅಂದಾಜು ನೂರನ್ನೂ ಮುಟ್ಟುವುದಿಲ್ಲ. ಈಗಿನ ಗಂಡಾಂತರ ಮೀನುಬಲೆ ಮತ್ತು ಹಡಗುಗಳದ್ದು. ಎರೆಬೂತದ ಪಾಡು ಇದಕ್ಕೇ ಹತ್ತಿರ.

ಈ ಹಕ್ಕಿ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಮಿಡತೆ, ಕಾಳು ಹೆಕ್ಕಲು ಅದಕ್ಕೆ ಬಯಲು ಬೇಕು. ಮಳೆಯನ್ನೇ ನೆಚ್ಚಿದ ಕಡಲೆ, ಜೋಳದ ಎರೆಹೊಲವಾದರೂ ಆದೀತು. ತುಂಗಭದ್ರೆಯ ಕಾಲುವೆ ಹರಿದಲ್ಲೆಲ್ಲ ಬತ್ತ ಬಂತು. ಕುರುಗೋಡಿನ ಬಂಡೆಗುಡ್ಡವಾಗಲಿ, ಕಾಲುವೆಯಂಚಿನ ಗದ್ದೆಯಾಗಲಿ ಹಕ್ಕಿಗೆ ಒಗ್ಗದು. ಹದಿನೈದು ಕಿಲೋ ತೂಗಬಲ್ಲ ಗಂಡುಹಕ್ಕಿಗೆ ಹಾರುವಾಗ ನೇರ ಮುಂದಿನದು ಸರಿಯಾಗಿ ಕಾಣುವುದಿಲ್ಲ, ಥಟ್ಟನೆ ತಿರುಗಲೂ ಆಗದು. ಹಾಗಾಗಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ರಾಜಸ್ಥಾನದಲ್ಲಿ ಇಂಥ ಸಾವುಗಳೇ 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದಡಿ ಹಾಕಲು ಹೇಳುವಂತೆ ಮಾಡಿದವು. 2024ರಲ್ಲಿ ಆ ಆದೇಶ ಸಡಿಲಗೊಂಡಿತು. ಕುಡತಿನಿಯ ಶಾಖೋತ್ಪನ್ನ ಸ್ಥಾವರವಿರುವ ನಮ್ಮ ಜಿಲ್ಲೆಗೂ ತಂತಿ ಹೊಸದಲ್ಲ.

ಅಭಯಾರಣ್ಯ ಘೋಷಿಸಿದರಾಯಿತು ಎನ್ನುವವರು ರಾಣೆಬೆನ್ನೂರನ್ನು ನೋಡಬೇಕು. 1974ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಹುಲ್ಲುಗಾವಲಲ್ಲಿ ನೀಲಗಿರಿ ಬೆಳೆಯಿತು. ಕೃಷ್ಣಮೃಗ ಉಳಿಯಿತು, ಎರೆಬೂತ ಕಾಣೆಯಾಯಿತು. ಸಿರುಗುಪ್ಪದಲ್ಲಿ ಹಕ್ಕಿ ಮೇಯುವುದು ರೈತರ ಪಟ್ಟಾ ಜಮೀನಿನಲ್ಲೂ. ಹಾಗಾಗಿ ಕಡಲೆ, ಜೋಳ ಬಿಡದ ರೈತನಿಗೆ ಹಣ ಕೊಡುವುದು, ಆ ಹೊಲಗಳ ಮೇಲಿನ ತಂತಿಯನ್ನು ನೆಲದಡಿಗೆ ಇಳಿಸುವುದು, ಇವೆರಡು ಅಭಯಾರಣ್ಯದ ಬೇಲಿಗಿಂತ ಮೊದಲು ಆಗಬೇಕು ಎಂಬುದು ನನ್ನ ಅಭಿಪ್ರಾಯ.