ಪುತ್ತೂರು, ಸುಳ್ಯ, ಕಡಬದ ಕಾದಂಬರಿ ಓದು

ಪುತ್ತೂರು, ಸುಳ್ಯ, ಕಡಬ ಇಂದು ಮೂರು ತಾಲೂಕುಗಳು. ಹಿಂದೆ ಎಲ್ಲವೂ ಪುತ್ತೂರಿನ ಲೆಕ್ಕಕ್ಕೇ ಸೇರಿದ್ದವು. ಅದರಿಂದ ಸುಳ್ಯ ಬೇರೆಯಾಯಿತು. ಎರಡೂ ಕಡೆಯ ಹಳ್ಳಿಗಳನ್ನು ಕೂಡಿಸಿ ಕಡಬ ತಾಲೂಕಾದದ್ದು ತೀರಾ ಈಚೆಗೆ. ಕುಮಾರಧಾರೆ, ಪಯಸ್ವಿನಿ ಹೊಳೆಗಳ ಈ ಅಡಿಕೆ ಸೀಮೆಯಲ್ಲಿ ಮನೆಯೊಳಗಿನ ಮಾತು ಒಂದೇ ಬಗೆಯದಲ್ಲ. ಹೆಚ್ಚಿನವರದು ತುಳು, ಸುಳ್ಯದ ಗೌಡರದು ಅರೆಭಾಷೆ, ಹವ್ಯಕರದು ಅವರದೇ ಕನ್ನಡ. ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ ಆಡುವ ಮನೆಗಳೂ ಬೇಕಾದಷ್ಟಿವೆ. ಪುಸ್ತಕದ ಕನ್ನಡ ಬಹುಪಾಲು ಜನರಿಗೆ ಶಾಲೆಯಿಂದ, ಕಚೇರಿಯಿಂದ, ಯಕ್ಷಗಾನದಿಂದ ಬಂದದ್ದು. ಹಾಗಾಗಿ ಪ್ರೇಮಕಥೆಯ ಓದಿಗೆ ಇಲ್ಲಿ ಬೇರೆಯೇ ಒಂದು ಚರಿತ್ರೆಯಿದೆ. ಒಲವು, ಮುನಿಸು, ಮದುವೆಯ ಮಾತುಕತೆ ಎಲ್ಲ ಒಂದು ಭಾಷೆಯಲ್ಲಿ ನಡೆದರೆ ಅವುಗಳ ಕಥೆಯನ್ನು ಓದಿದ್ದು ಇನ್ನೊಂದರಲ್ಲಿ. ಈ ಊರುಗಳಿಂದ ಬಂದ ಕಾದಂಬರಿಕಾರರ ಅಭಿರುಚಿಯೂ ಓದುಗರ ಅಭಿರುಚಿಯೂ ಈ ಅಂತರದಲ್ಲಿಯೇ ಬೆಳೆದವು.

ಕಾದಂಬರಿ ಬರುವುದಕ್ಕೆ ಮೊದಲು ಪ್ರೇಮಕಥೆಯನ್ನು ಪುಸ್ತಕದ ಕನ್ನಡದಲ್ಲಿ ಕೇಳಿಸುತ್ತಿದ್ದದ್ದು ಯಕ್ಷಗಾನದ ತಾಳಮದ್ದಳೆ. ಮಳೆಗಾಲದಲ್ಲಿ, ಅದರಲ್ಲೂ ಆಟಿ ತಿಂಗಳಲ್ಲಿ, ತೋಟದ ಕೆಲಸ ತಗ್ಗಿ ಮೇಳಗಳ ತಿರುಗಾಟವೂ ನಿಂತಿರುವಾಗ ದೊಡ್ಡ ಮನೆಗಳ ಚಾವಡಿಯಲ್ಲಿ ರಾತ್ರಿಯಿಡೀ ಅರ್ಥಗಾರಿಕೆ ನಡೆಯುತ್ತಿತ್ತು. ಭಾಗವತರ ಪದಕ್ಕೆ ಅರ್ಥಧಾರಿ ಕೊಡುವ ಮಾತು ಗ್ರಂಥಸ್ಥ ಕನ್ನಡದ್ದು. ದಿನವಿಡೀ ತುಳುವಿನಲ್ಲೋ ಅರೆಭಾಷೆಯಲ್ಲೋ ವ್ಯವಹರಿಸಿದವರು ‘ಸುಭದ್ರಾ ಕಲ್ಯಾಣ’ದಲ್ಲಿ ಕಪಟ ಸನ್ಯಾಸಿ ಅರ್ಜುನನ ಸರಸವನ್ನೂ ‘ರುಕ್ಮಿಣಿ ಕಲ್ಯಾಣ’ದ ಹುಡುಗಿ ಕೃಷ್ಣನಿಗೆ ಓಲೆ ಕಳಿಸುವುದನ್ನೂ ಆ ಕನ್ನಡದಲ್ಲಿ ಕೇಳಿದರು. ಸುಳ್ಯದ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರಂಥ ಅರ್ಥಧಾರಿಗಳು ಪಾತ್ರದ ಒಳಮನಸ್ಸನ್ನು ಮಾತಿನಲ್ಲೇ ಬಿಡಿಸಿ ತೋರಿಸುತ್ತಿದ್ದರು. ಕಾದಂಬರಿಕಾರ ಪುಟಗಟ್ಟಲೆ ಬರೆಯುವ ಮನೋವ್ಯಾಪಾರಕ್ಕೆ ಈ ಸೀಮೆಯ ಕಿವಿ ಹೀಗೆ ಮೊದಲೇ ಹದವಾಗಿತ್ತು. ಉಡುಪಿಯ ಪಾವಂಜೆ ಗುರುರಾಯರ ಪ್ರಕಾಶನ ಪ್ರಸಂಗಗಳನ್ನು ಸಣ್ಣ ಬೆಲೆಗೆ ಅಚ್ಚು ಹಾಕಿ ಹಂಚಿದ ಮೇಲೆ ಅವು ಮನೆಯ ಪುಸ್ತಕಗಳೂ ಆದವು.

ಇವುಗಳ ಜೊತೆಗೆ ಪುರಾಣ ವಾಚನ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಚಂದ್ರಹಾಸನ ಕಥೆ ಅತಿ ಹೆಚ್ಚು ಮೆಚ್ಚಿಕೆ ಪಡೆದ ಭಾಗಗಳಲ್ಲೊಂದು. ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಕೊಟ್ಟು ಕಳಿಸಿದ ಕಾಗದದಲ್ಲಿ ಇದನ್ನು ತಂದವನಿಗೆ ವಿಷ ಕೊಡು ಎಂದಿದೆ. ಅದನ್ನು ತರುತ್ತಿದ್ದ ಚಂದ್ರಹಾಸ ದಾರಿಯ ಉದ್ಯಾನದಲ್ಲಿ ಮಲಗಿದ್ದಾನೆ. ಮಂತ್ರಿಯ ಮಗಳು ವಿಷಯೆ ಆ ಕಾಗದವನ್ನು ಬಿಚ್ಚಿ ಓದುತ್ತಾಳೆ, ಒಂದಕ್ಷರ ತಿದ್ದುತ್ತಾಳೆ. ವಿಷದ ಜಾಗದಲ್ಲಿ ಅವಳ ಹೆಸರೇ ಬಂದು ಕೂರುತ್ತದೆ, ಮದುವೆಯಾಗುತ್ತದೆ. ಓದು ಬರಹ ಬಲ್ಲ ಹೆಣ್ಣು ತನ್ನ ಗಂಡನನ್ನು ತಾನೇ ಆರಿಸಿಕೊಂಡ ಈ ಪ್ರಕರಣವನ್ನು, ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಲು ಹಿಂದೆಮುಂದೆ ನೋಡುತ್ತಿದ್ದ ಮನೆಗಳಲ್ಲಿ ಭಕ್ತಿಯಿಂದ ಕೇಳುತ್ತಿದ್ದರು ಎಂಬುದು ಗಮನಿಸಬೇಕಾದ ಸಂಗತಿ.

ಅಚ್ಚಿನ ಕಾದಂಬರಿ ದಕ್ಷಿಣ ಕನ್ನಡ ಜಿಲ್ಲೆಗೆ ಬಂದದ್ದು 1899ರಲ್ಲಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಅಚ್ಚು ಮಾಡಿತು. ಬಾಲವಿಧವೆಯೊಬ್ಬಳು ಮನೆ ಬಿಟ್ಟು, ಓದಿ, ಭಾಸ್ಕರನೊಂದಿಗೆ ಮರುಮದುವೆಯಾಗುವ ಕಥೆ ಅದು. ಮುಂದಿನ ದಶಕದಲ್ಲಿ ಬೋಳಾರ ಬಾಬುರಾಯರ ‘ವಾಗ್ದೇವಿ’ಯೂ ಬಂತು. ಪ್ರೇಮ ಈ ಹಳೆಯ ಕಾದಂಬರಿಗಳಲ್ಲಿ ತಾನೇ ತಾನಾಗಿ ನಿಲ್ಲುವುದಿಲ್ಲ. ಮಠ, ಜಾತಿ, ಕೋರ್ಟು, ಆಸ್ತಿ ಎಲ್ಲವೂ ಅದರ ಸುತ್ತ ನೆರೆಯುತ್ತವೆ. ದಕ್ಷಿಣ ಕನ್ನಡದ ಕಾದಂಬರಿ ಆ ಗುಣವನ್ನು ಬಹಳ ಕಾಲ ಬಿಡಲಿಲ್ಲ. ಮೈಸೂರು ಕಡೆ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದು ಓದುಗರಿಗೆ ರಮ್ಯ ಕಥೆಯ ರುಚಿ ಹತ್ತಿಸಿದ ಕಾಲವೂ ಹೆಚ್ಚು ಕಡಿಮೆ ಇದೇ.

ಪುತ್ತೂರಿನ ಓದಿನ ಚರಿತ್ರೆ ನಿಜವಾಗಿ ಮಗ್ಗುಲು ಬದಲಿಸಿದ್ದು ಕೋಟ ಶಿವರಾಮ ಕಾರಂತರು (1902–1997) ಅಲ್ಲಿ ನೆಲೆಸಿದಾಗ. ಕುಂದಾಪುರದಲ್ಲಿ ‘ವಸಂತ’ ಪತ್ರಿಕೆ ನಡೆಸುತ್ತಿದ್ದ ಹರೆಯದಲ್ಲಿ ಅವರು ಮೊದಲು ಕೈಹಾಕಿದ್ದು ಪತ್ತೇದಾರಿ ಬಗೆಯ ಕಥೆಗೆ; ‘ವಿಚಿತ್ರಕೂಟ’ ಆ ಕಾಲದ್ದು. ‘ಚೋಮನ ದುಡಿ’ (1933) ಬರುವ ಹೊತ್ತಿಗೆ ಆ ರುಚಿ ಹಿಂದೆ ಬಿದ್ದಿತ್ತು. ಪುತ್ತೂರಿನ ತಮ್ಮ ಮನೆ ಬಾಲವನದಲ್ಲಿ ಕಳೆದ ಸುಮಾರು ನಾಲ್ಕು ದಶಕಗಳಲ್ಲಿ ಅವರ ಆಸಕ್ತಿ ವಿಜ್ಞಾನ, ಚಿತ್ರಕಲೆ, ಶಿಲ್ಪ, ಯಕ್ಷಗಾನ ಎಂದು ಎಲ್ಲ ಕಡೆಗೂ ಹರಿಯಿತು. ಮಕ್ಕಳಿಗಾಗಿ ‘ಬಾಲಪ್ರಪಂಚ’, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದರು. ರೇಚಲ್ ಕಾರ್ಸನ್ ಸಮುದ್ರದ ಕುರಿತು ಬರೆದ ಪುಸ್ತಕವನ್ನು ಕನ್ನಡಕ್ಕೆ ತಂದರು. ಮೊಳಹಳ್ಳಿ ಶಿವರಾಯರ ಬೆಂಬಲದಿಂದ ಪುತ್ತೂರಿನಲ್ಲಿ ನಡೆದ ನಾಡಹಬ್ಬ ಹೊರಗಿನ ಸಾಹಿತಿಗಳನ್ನು ಈ ಸಣ್ಣ ಪೇಟೆಗೆ ಕರೆತಂದಿತು.

ಬಾಲವನದ ಇನ್ನೊಬ್ಬ ಓದುಗರ ಹೆಸರು ಸಾಕಷ್ಟು ಕೇಳಿಬರುವುದಿಲ್ಲ. ಲೀಲಾ ಆಳ್ವ 1936ರಲ್ಲಿ ಕಾರಂತರನ್ನು ಮದುವೆಯಾದರು. ಬಂಟ ಮನೆತನದ ಹುಡುಗಿ, ಬ್ರಾಹ್ಮಣ ವರ. ಆ ಕಾಲಕ್ಕೆ ಸಣ್ಣ ಮಾತಲ್ಲ. ಅವರ ಮೊದಲ ಓದು ಮರಾಠಿಯಲ್ಲಿ ಆಗಿತ್ತು. ಮದುವೆಯ ಬಳಿಕ ಕನ್ನಡವನ್ನು ಹೊಸದಾಗಿ ಕಲಿತು, ಹರಿ ನಾರಾಯಣ ಆಪ್ಟೆಯವರ ‘ಪಣ್ ಲಕ್ಷಾತ್ ಕೋಣ್ ಘೇತೋ’ ಎಂಬ ಹೆಸರಾಂತ ಕಾದಂಬರಿಯನ್ನು ಕನ್ನಡಿಸಿದರು. ಎಳೆಯ ವಯಸ್ಸಿನಲ್ಲಿ ಮದುವೆಯಾಗಿ ವಿಧವೆಯಾದ ಯಮುನೆ ತನ್ನ ಬಾಳನ್ನು ತಾನೇ ಹೇಳಿಕೊಳ್ಳುವ ಕಥೆಯದು. ಗಂಡ ಹೆಂಡಿರ ನಡುವಿನ ಒಲವನ್ನು, ಇಬ್ಬರೂ ಕೂತು ಓದುವ ಸುಖವನ್ನು ಅಷ್ಟು ಆಪ್ತವಾಗಿ ತೋರಿಸಿ, ಆಮೇಲೆ ಅದೆಲ್ಲ ಕೈತಪ್ಪುವುದನ್ನೂ ತೋರಿಸಿದ ಕಾದಂಬರಿಯನ್ನು ಅವರು ಆರಿಸಿಕೊಂಡರು. ಒಬ್ಬ ಓದುಗರ ಅಭಿರುಚಿಯನ್ನು ತಿಳಿಯಲು ಅವರು ಅನುವಾದಕ್ಕೆ ಆರಿಸಿಕೊಂಡ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕಾರಂತರನ್ನು ಪ್ರೇಮಕಾದಂಬರಿಕಾರ ಎಂದು ಯಾರೂ ಕರೆದಿಲ್ಲ. ಆದರೂ ಈ ಸೀಮೆಯ ಅತ್ಯುತ್ತಮ ಪ್ರೇಮಕಥೆ ಯಾವುದೆಂದು ಕೇಳಿದರೆ ‘ಬೆಟ್ಟದ ಜೀವ’ವನ್ನೇ (1943) ಹೆಸರಿಸಬೇಕು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಪಯಣಿಗ ಕೆಳಬೈಲಿನ ಗೋಪಾಲಯ್ಯನ ಮನೆ ಸೇರುತ್ತಾನೆ. ಅಲ್ಲಿರುವುದು ಮುದುಕ ಮತ್ತು ಅವರ ಹೆಂಡತಿ ಶಂಕರಮ್ಮ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಆನೆ, ಹುಲಿ, ಮಳೆಯ ಮಧ್ಯೆ ಕಾಡು ಕಡಿದು ತೋಟ ಎಬ್ಬಿಸಿದ ಗೋಪಾಲಯ್ಯ ಬಂದವರೆದುರು ಹೆಂಡತಿಯನ್ನು ಕೆಣಕುತ್ತಾರೆ, ಹಾಸ್ಯ ಮಾಡುತ್ತಾರೆ, ಅವರ ಮನಸ್ಸಿನ ನೋವು ಮೇಲೆ ಬಾರದಂತೆ ಮಾತನ್ನು ತಿರುಗಿಸುತ್ತಾರೆ. ಶಂಕರಮ್ಮ ಅತಿಥಿಗೆ ಎಣ್ಣೆ, ಬಿಸಿನೀರು, ಊಟ ಎಂದು ಓಡಾಡುತ್ತಾ ಅದಕ್ಕೆ ತಕ್ಕ ಉತ್ತರ ಕೊಡುತ್ತಾರೆ. ಒಲವು ಎಂಬ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಒಟ್ಟಿಗೆ ದುಡಿದು ಒಟ್ಟಿಗೆ ಮುದುಕರಾದವರ ಸರಸವನ್ನು ಕನ್ನಡದಲ್ಲಿ ಇಷ್ಟು ಸಹಜವಾಗಿ ಬರೆದ ಕಾದಂಬರಿಗಳು ಕಡಿಮೆ. ಪಿ. ಶೇಷಾದ್ರಿ ಇದನ್ನು ಸಿನಿಮಾ ಮಾಡಿದರು. ಮಲೆಕುಡಿಯರ ಬದುಕನ್ನು ಹಿಡಿದ ‘ಕುಡಿಯರ ಕೂಸು’ (1951) ಇದೇ ಘಟ್ಟದ ತಪ್ಪಲಿನ ಇನ್ನೊಂದು ಲೋಕ; ಅಲ್ಲಿ ಗಂಡು ಹೆಣ್ಣಿನ ಸಂಬಂಧಕ್ಕೆ ಪೇಟೆಯ ಕಟ್ಟುಪಾಡು ಅನ್ವಯಿಸುವುದಿಲ್ಲ.

ಸುಬ್ರಹ್ಮಣ್ಯದ ಬಳಿಯ ಕುಳಕುಂದ ಇಂದು ಕಡಬ ತಾಲೂಕಿಗೆ ಸೇರಿದೆ. 1924ರಲ್ಲಿ ಅಲ್ಲಿ ಹುಟ್ಟಿದ ಶಿವರಾಯರೇ ನಿರಂಜನ. ಅವರ ಒಲವು ಹೋರಾಟದ ಕಥೆಯ ಕಡೆಗೆ. ‘ಚಿರಸ್ಮರಣೆ’ ಕಯ್ಯೂರಿನ ರೈತರದ್ದು. ‘ಕಲ್ಯಾಣಸ್ವಾಮಿ’ 1837ರಲ್ಲಿ ಸುಳ್ಯದ ನೆಲದಿಂದ ಎದ್ದು ಮಂಗಳೂರು ಮುಟ್ಟಿದ ದಂಗೆಯದ್ದು. ಲೋಕದ ಕಥೆಗಳನ್ನೆಲ್ಲ ಓದಬೇಕೆಂಬ ಹಸಿವು ಅವರ ಸಂಪಾದಕತ್ವದ 25 ಸಂಪುಟಗಳ ‘ವಿಶ್ವಕಥಾಕೋಶ’ದಲ್ಲಿ ಕಾಣುತ್ತದೆ. ಅವರ ಪತ್ನಿ ಅನುಪಮಾ ನಿರಂಜನ (1934–1991) ವೃತ್ತಿಯಲ್ಲಿ ವೈದ್ಯೆ, ಜನಪ್ರಿಯ ಕಾದಂಬರಿಗಾರ್ತಿ. ಅವರು ಬರೆದ ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’ ಪುಸ್ತಕಗಳನ್ನು ಕಾದಂಬರಿಗಳ ಪಕ್ಕದಲ್ಲಿಟ್ಟೇ ನೋಡಬೇಕು. ಪ್ರೇಮ ಫಲಿಸಿ ಮದುವೆಯಾಯಿತು ಎಂದು ಕಥೆ ಮುಗಿಯುವಲ್ಲಿಂದ ಅವು ಶುರುವಾಗುತ್ತವೆ. ಮೈಯ ವಿಚಾರವನ್ನು ಬಾಯಿಬಿಟ್ಟು ಕೇಳಲಾಗದ ಹೆಂಗಸರಿಗೆ ಸಂಕೋಚವಿಲ್ಲದ ಕನ್ನಡದಲ್ಲಿ ತಿಳಿಸಿಕೊಡುತ್ತವೆ.

ಓದು ಹಳ್ಳಿಗೆ ಇಳಿಯಲು ಪುಸ್ತಕ ಕೈಗೆ ಸಿಗಬೇಕಿತ್ತು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇಲ್ಲಿಗೂ ಅನ್ವಯವಾಯಿತು. ಮನೆ ತೆರಿಗೆಯ ಮೇಲೆ ಗ್ರಂಥಾಲಯ ಕರ ಹಾಕಿ ಜಿಲ್ಲೆಯಲ್ಲಿ ಪುಸ್ತಕ ಭಂಡಾರ ನಡೆಸುವ ಈ ಏರ್ಪಾಟಿನ ಹಿಂದೆ ಇದ್ದವರು ಎಸ್.ಆರ್. ರಂಗನಾಥನ್; ಅವರು ಉದ್ಯೋಗದ ಮೊದಲ ವರ್ಷಗಳಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತ ಕಲಿಸಿದವರು. ಹಳೆಯ ಮೈಸೂರಿಗೆ ಅಂಥ ಕಾಯ್ದೆ ಬಂದದ್ದು 1965ರಲ್ಲಿ. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು, ಸುಳ್ಯದಲ್ಲಿ 1976ರಲ್ಲಿ ಕುರುಂಜಿ ವೆಂಕಟರಮಣ ಗೌಡರ ಶ್ರಮದಿಂದ ನೆಹರು ಸ್ಮಾರಕ ಕಾಲೇಜು ತೆರೆದವು. ಕಾಲೇಜು ಮೆಟ್ಟಿಲು ಹತ್ತಿದ ಮೊದಲ ತಲೆಮಾರಿನ ಹುಡುಗಿಯರು ಪಠ್ಯದ ನಡುವೆ ಕಾದಂಬರಿ ಇಟ್ಟುಕೊಂಡು ಓದಿದವರು.

ಹಾಗೆ ಓದಿದ್ದು ಯಾರನ್ನು? ಮೊದಲ ಹೆಸರು ತ್ರಿವೇಣಿ (1928–1963). ಮನಶ್ಶಾಸ್ತ್ರ ಓದಿದ್ದ ಅವರ ಕಾದಂಬರಿಗಳಲ್ಲಿ ಒಲವು ಸೋತ ಹೆಣ್ಣಿನ ಮನಸ್ಸು ಹೇಗೆ ಮುರಿಯುತ್ತದೆ ಎಂಬುದಕ್ಕೆ ಕಾರಣ ಸಿಗುತ್ತದೆ, ಮರುಕದ ಜೊತೆ ತಿಳಿವಳಿಕೆಯೂ ಸಿಗುತ್ತದೆ. ಎಂ.ಕೆ. ಇಂದಿರಾ ಮಲೆನಾಡಿನ ಅಡುಗೆಮನೆ, ತೋಟ, ಮಡಿ ಮೈಲಿಗೆಯನ್ನು ಬರೆದದ್ದರಿಂದ ಪುತ್ತೂರು ಕಡೆಯವರಿಗೆ ಅವರು ನೆರೆಮನೆಯವರಂತೆ ಕಂಡರು. ವಾಣಿಯವರನ್ನೂ ಓದಿದರು; ಸಾಯಿಸುತೆ, ಉಷಾ ನವರತ್ನರಾಂ ಆಮೇಲಿನವರು. ಪುಟ್ಟಣ್ಣ ಕಣಗಾಲರು ‘ಬೆಳ್ಳಿಮೋಡ’ (1967), ‘ಗೆಜ್ಜೆಪೂಜೆ’ (1969), ‘ಶರಪಂಜರ’ಗಳನ್ನು (1971) ತೆರೆಗೆ ತಂದಾಗ ಸಿನಿಮಾ ನೋಡಿ ಪುಸ್ತಕ ಹುಡುಕಿದವರೂ ಪುಸ್ತಕ ಓದಿ ಸಿನಿಮಾಕ್ಕೆ ಹೋದವರೂ ಇದ್ದರು. ಅದೇ ಮನೆಗಳಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೂ ತ.ರಾ.ಸು. ಅವರ ಚಿತ್ರದುರ್ಗವೂ ಒಂದೇ ಮೇಜಿನ ಮೇಲಿದ್ದವು. ಪ್ರಭೇದಗಳ ಗೆರೆ ವಿಮರ್ಶಕರು ಎಳೆದದ್ದು. ಮನೆಯ ಓದುಗರು ಸಿಕ್ಕಿದ್ದನ್ನೆಲ್ಲ ಓದಿದರು, ಹಿಡಿಸಿದ್ದನ್ನು ಇನ್ನೊಬ್ಬರಿಗೆ ಕೊಟ್ಟರು.

ವಾರಪತ್ರಿಕೆ ಈ ಹಂಚಿಕೆಗೆ ವೇಗ ತಂದಿತು. 1965ರಲ್ಲಿ ‘ಸುಧಾ’, 1983ರಲ್ಲಿ ಮಣಿಪಾಲದಿಂದ ‘ತರಂಗ’. ಪತ್ರಿಕೆಯ ಕಟ್ಟು ಬಸ್ಸಿನಲ್ಲಿ ಬಂದು ಪೇಟೆಯ ಅಂಗಡಿಯಲ್ಲಿ ಇಳಿಯುತ್ತಿತ್ತು; ಅಲ್ಲಿಂದ ಶಾಲೆಗೋ ಸೊಸೈಟಿಗೋ ಹೋದವರ ಚೀಲದಲ್ಲಿ ಒಳಹಳ್ಳಿಗೆ. ಮೊದಲು ಯಾರು ಓದಬೇಕೆಂಬ ಜಗಳ ಮುಗಿದು ಮನೆಯವರೆಲ್ಲ ಓದಿದ ಮೇಲೆ ಧಾರಾವಾಹಿಯ ಹಾಳೆಗಳನ್ನು ಬಿಡಿಸಿ, ಕಂತುಗಳನ್ನು ಕ್ರಮವಾಗಿ ಜೋಡಿಸಿ, ದಬ್ಬಣದಿಂದ ತೂತು ಕೊರೆದು ದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕುತ್ತಿದ್ದರು. ಬೈಂಡು ಎಂದೇ ಅದಕ್ಕೆ ಹೆಸರು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ರಜೆಗೆ ತವರಿಗೆ ಬಂದರೆ ಮೊದಲು ತೆರೆಯುತ್ತಿದ್ದದ್ದು ಈ ಬೈಂಡುಗಳನ್ನು.

ಇಂಥ ಓದಿನ ನಡುವಿನಿಂದಲೇ ಬರೆಯುವವರು ಬಂದರು. ಭಟ್ಕಳದಲ್ಲಿ 1944ರಲ್ಲಿ ಹುಟ್ಟಿದ ಎ.ಪಿ. ಮಾಲತಿ ಮದುವೆಯಾಗಿ ಈ ಸೀಮೆಯ ರಾಮಕುಂಜದ ಕೃಷಿಕ ಮನೆ ಸೇರಿ, ಅಲ್ಲಿಂದಲೇ ಕಾದಂಬರಿಗಾರ್ತಿಯಾಗಿ ಹೆಸರು ಮಾಡಿದರು. ಪುತ್ತೂರಿನಲ್ಲಿ 1951ರಲ್ಲಿ ಹುಟ್ಟಿದ ಬೊಳುವಾರು ಮಹಮದ್ ಕುಂಞಿ ಕರಾವಳಿಯ ಮುಸ್ಲಿಂ ಮನೆಗಳ ಒಳಗನ್ನು ಮುತ್ತುಪ್ಪಾಡಿಯೆಂಬ ಕಲ್ಪಿತ ಹಳ್ಳಿಯ ಮೂಲಕ ಕನ್ನಡಕ್ಕೆ ತಂದರು. ಪುತ್ತೂರಿಗೆ ಅಂಟಿಕೊಂಡಿರುವ ಕಾಸರಗೋಡಿನ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದದ್ದು ‘ಲಂಕೇಶ್ ಪತ್ರಿಕೆ’ಯ ಧಾರಾವಾಹಿಯಾಗಿ. ಪರಸ್ಪರ ಪ್ರೀತಿಸುವ ಗಂಡ ಹೆಂಡತಿಯನ್ನು ತಂದೆಯ ಹಟವೂ ತಲಾಖ್ ಕಟ್ಟಳೆಯೂ ಬೇರ್ಪಡಿಸುವ ನಾದಿರಾಳ ಕಥೆ ಅದು. ಗೋಪಾಲಯ್ಯ ಶಂಕರಮ್ಮರಿಂದ ನಾದಿರಾವರೆಗೆ, ಈ ಭಾಗದ ಗಟ್ಟಿ ಪ್ರೇಮಕಥೆಗಳು ಮದುವೆಯ ಆಚೆಗೇ ನಡೆಯುತ್ತವೆ.

ಮನೆಮಾತಿನಲ್ಲೇ ಬರೆಯುವ ಪ್ರಯತ್ನವೂ ಜೊತೆಗೆ ನಡೆಯಿತು. ಎಸ್.ಯು. ಪಣಿಯಾಡಿಯವರ ‘ಸತಿ ಕಮಲೆ’ 1936ರಲ್ಲೇ ತುಳುವಿಗೆ ಮೊದಲ ಕಾದಂಬರಿಯನ್ನು ಕೊಟ್ಟಿತ್ತು. ಆದರೆ ಆ ದಾರಿಯಲ್ಲಿ ಕನ್ನಡದಷ್ಟು ಓದುಗರು ಕೂಡಲಿಲ್ಲ. ಅರೆಭಾಷೆಗೆ 2011ರಲ್ಲಿ ಸರಕಾರ ಅಕಾಡೆಮಿ ಸ್ಥಾಪಿಸಿದ ಮೇಲೆ ಆ ಮಾತಿನಲ್ಲಿ ಕಥೆ, ಕವಿತೆ ಅಚ್ಚಾಗಲು ಆಸರೆ ದೊರೆಯಿತು. ಅಷ್ಟರಲ್ಲಿ ಮನೆಮನೆಗೆ ಟಿ.ವಿ. ಬಂದಿತ್ತು, ಧಾರಾವಾಹಿ ಎಂದರೆ ಸಂಜೆಯ ಸೀರಿಯಲ್ ಎಂಬ ಅರ್ಥ ಬಂದಿತ್ತು, ವಾರಪತ್ರಿಕೆಗಳಲ್ಲಿ ಕಾದಂಬರಿಯ ಜಾಗ ಕಿರಿದಾಗಿತ್ತು. ತ್ರಿವೇಣಿಯವರ ಪುಸ್ತಕಗಳು ಮಾತ್ರ ಇಂದಿಗೂ ಮರುಮುದ್ರಣವಾಗುತ್ತಿವೆ, ‘ಬೆಟ್ಟದ ಜೀವ’ವೂ ಹಾಗೆಯೇ.